ಧರ್ಮಸಂಕಟವೂ ಪ್ರಾಧ್ಯಾಪಕ ಮತಿಲಾಲರೂ



ಸತ್ಯವನ್ನು ನುಡಿಯುವದು ಧರ್ಮ. ಪ್ರಾಣವನ್ನು ಉಳಿಸುವದೂ ಧರ್ಮ. ಇವೆರಡೂ ಒಂದೇ ಗಳಿಗೆಯಲ್ಲಿ ಇದಿರುಬದಿರಾಗಿ ನಿಂತರೆ ಮಾನವನು ಮಾಡತಕ್ಕುದೇನು? ಪೂರ್ವಪಶ್ಚಿಮಗಳೆರಡರ ಶಾಸ್ತ್ರಗಳನ್ನೂ ಬಲ್ಲ ವಿದ್ವಾಂಸರೊಬ್ಬರು ಇದನ್ನು ವಿಚಾರಿಸಿದ ಬಗೆಯೇ ಈ ಹೊತ್ತಿನ ವಿಷಯವು.

ಬಿಮಲಕೃಷ್ಣ ಮತಿಲಾಲರು 1935ರಲ್ಲಿ ವಂಗದೇಶದ ಜಯನಗರದಲ್ಲಿ ಜನಿಸಿದರು. ಕಲಕತ್ತೆಯ ಪಂಡಿತರಲ್ಲಿ ನವ್ಯನ್ಯಾಯವನ್ನೋದಿ ‘ತರ್ಕತೀರ್ಥ’ರಾದರು. ತರುವಾಯ ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಭ್ಯಸಿಸಿ, 1976ರಲ್ಲಿ ಆಕ್ಸ್‌ಫರ್ಡಿನ ಸ್ಪಾಲ್ಡಿಂಗ್ ಪೀಠವನ್ನೇರಿದರು. ಪೌರಸ್ತ್ಯ ಧರ್ಮಗಳಿಗೂ ನೀತಿಶಾಸ್ತ್ರಕ್ಕೂ ಮೀಸಲಾದ ಈ ಪೀಠವನ್ನು 1936ರಲ್ಲಿ ಮೊದಲು ಅಲಂಕರಿಸಿದವರು ರಾಧಾಕೃಷ್ಣನ್ನರು. ಪಾಠಶಾಲೆಯ ಪರಿಭಾಷೆಯು ಕಡಲಾಚೆ ಸಲ್ಲೀತೇ ಎಂದು ಶಂಕಿಸುವವರು ಮತಿಲಾಲರ ಗ್ರಂಥಗಳನ್ನು ನೋಡತಕ್ಕದ್ದು.

ಭಾರತೀಯ ದಾರ್ಶನಿಕರು ಪ್ರಮಾಣಪ್ರಮೇಯಗಳನ್ನು ಎಳೆಎಳೆಯಾಗಿ ಬಿಡಿಸಿದರೂ ನೀತಿಯ ತೊಡಕುಗಳನ್ನು ಅಷ್ಟಾಗಿ ಮುಟ್ಟಲಿಲ್ಲ. ಆ ವಿಚಾರವು ನಡೆದದ್ದು ಇತಿಹಾಸಕಾವ್ಯಗಳ ಕಥೆಗಳಲ್ಲಿ ಎಂಬುದು ಅವರ ಅಭಿಪ್ರಾಯ. ಧರ್ಮಶಾಸ್ತ್ರದ ನಿಬಂಧಕಾರರನ್ನು ನೆನೆದರೆ ಈ ಮಾತು ತುಸು ಕಟುವೆನಿಸುವದು, ಆದರೂ ತಳ್ಳಿಹಾಕತಕ್ಕುದಲ್ಲ. ಅವರು ಸಂಪಾದಿಸಿದ, ಮಹಾಭಾರತದ ಧರ್ಮಸಂಕಟಗಳನ್ನು ಕುರಿತ ಲೇಖನಸಂಗ್ರಹವು 1989ರಲ್ಲಿ ಹೊರಬಂದಿತು.

ಕರ್ಣಪರ್ವದ ಪ್ರಸಂಗವನ್ನೇ ನೋಡಿರಿ. ಕರ್ಣನಿಂದ ಗಾಯಗೊಂಡು ಬಿಡಾರಕ್ಕೆ ಬಂದ ಯುಧಿಷ್ಠಿರನು, ಗಾಂಡೀವವನ್ನು ಬೇರೊಬ್ಬರಿಗೆ ಕೊಟ್ಟುಬಿಡೆಂದು ಅರ್ಜುನನನ್ನು ಹೀಯಾಳಿಸಿದನು. ಹಾಗೆಂದವನ ತಲೆ ತೆಗೆಯುವೆನೆಂಬುದು ಅರ್ಜುನನ ಪ್ರತಿಜ್ಞೆ. ಕತ್ತಿ ಹಿರಿದವನನ್ನು ತಡೆದು ಕೃಷ್ಣನು ಕೌಶಿಕನ ಕಥೆಯನ್ನು ಹೇಳಿದನು. ಸತ್ಯವ್ರತಿಯಾದ ಆ ತಪಸ್ವಿಯು, ಪ್ರಾಣಭಯದಿಂದ ಅಡಗಿದವರ ದಾರಿಯನ್ನು ದಸ್ಯುಗಳು ಕೇಳಲು, ಇದ್ದುದನ್ನು ಇದ್ದಂತೆ ನುಡಿದನು. ಅಡಗಿದವರು ಹತರಾದರು, ಕೌಶಿಕನು ನರಕಕ್ಕೆ ಸಂದನು.

ಜರ್ಮನಿಯ ದಾರ್ಶನಿಕ ಕಾಂಟನು 1797ರಲ್ಲಿ ಇದೇ ಪ್ರಶ್ನೆಗೆ ಇದಿರಾದ ಉತ್ತರವನ್ನಿತ್ತನು: ಮಿತ್ರನನ್ನು ಕೊಲ್ಲಬಂದವನಿಗೂ ಸುಳ್ಳಾಡಲಾಗದು. ನಿಜವಾದ ಕರ್ತವ್ಯಗಳೆರಡು ಎಂದಿಗೂ ಹೊಯ್ದಾಡವೆಂಬುದು ಅವನ ಮತ. ಮತಿಲಾಲರು ಇದನ್ನೊಪ್ಪಲಿಲ್ಲ. ಕರ್ತವ್ಯಗಳ ವಿರೋಧವು ಕೇವಲ ಅಜ್ಞಾನದಿಂದ ತೋರುವದಲ್ಲ. ಅದು ನಿಜವಾಗಿಯೂ ಉಂಟು. ಒಂದನ್ನು ಆರಿಸಿಕೊಂಡವನಿಗೆ ಬಿಟ್ಟುಹೋದ ಇನ್ನೊಂದರ ಪಶ್ಚಾತ್ತಾಪವು ತಪ್ಪದು. ಸುಳ್ಳರಿಗೆ ಅನುಕೂಲವಾದ ಸಿದ್ಧಾಂತವಲ್ಲ ಇದು!

ಹಾಗಾದರೆ ಭಾರತಕ್ಕೊಂದು ನೀತಿ, ಯುರೋಪಿಗೊಂದು ನೀತಿಯೋ? ಈ ವಾದವನ್ನೂ ಅವರು ಖಂಡಿಸಿದರು. ಯಾವ ಸಂಸ್ಕೃತಿಯೂ ಬಾಗಿಲಿಕ್ಕಿದ ಮನೆಯಲ್ಲ; ನೋವು, ಹಸಿವು, ನ್ಯಾಯದ ಹಂಬಲಗಳು ಎಲ್ಲರಿಗೂ ಸಮಾನವಾಗಿರುವದರಿಂದ ಒಬ್ಬರ ನಡತೆಯನ್ನು ಮತ್ತೊಬ್ಬರು ತಿಳಿಯಲೂ ತೂಗಲೂ ಬರುವದು. ಕೌಶಿಕನನ್ನೂ ಕಾಂಟನನ್ನೂ ಒಂದೇ ಸಭೆಯಲ್ಲಿ ಕೂಡ್ರಿಸಿ ವಾದಕ್ಕೆಳೆಯುವ ಧೈರ್ಯವು ಅವರಿಗೆ ಬಂದದ್ದು ಇದರಿಂದಲೇ. 1991ರಲ್ಲಿ ಅವರು ತೀರಿಕೊಂಡರು.

ಅರ್ಜುನನ ಕಥೆ ಕೌಶಿಕನಲ್ಲಿಗೆ ಮುಗಿಯಲಿಲ್ಲ. ಹಿರಿಯನನ್ನು ಏಕವಚನದಲ್ಲಿ ಹಳಿಯುವದೇ ಅವನನ್ನು ಕೊಂದುದಕ್ಕೆ ಸಮವೆಂದು ಕೃಷ್ಣನು ಉಪಾಯ ಹೇಳಿದನು. ಅರ್ಜುನನು ಅಂತೆಯೇ ಮಾಡಿದನು. ಪ್ರತಿಜ್ಞೆ ತೀರಿತು, ಅಣ್ಣನೂ ಉಳಿದನು. ಆದರೂ ಆಡಿದ ಮಾತನ್ನು ತಾಳಲಾರದೆ, ತನ್ನನ್ನೇ ಇರಿದುಕೊಳ್ಳಲು ಅವನು ಮತ್ತೆ ಕತ್ತಿಯನ್ನು ಹಿರಿದನು. ಕೃಷ್ಣನು ಎರಡನೆಯ ಸಲ ತಡೆಯಬೇಕಾಯಿತು.