ಬೆಟ್ಟದ ಸರೋವರಕ್ಕೆ ಮೀನು ಬಂದದ್ದು ಹೇಗೆ?



ಗಾಳ ಹಾಕಿ ಮೀನು ಹಿಡಿಯುವುದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಹುಡುಗರಿಗೆ ಹೊಸದಲ್ಲ. ಕೃಷ್ಣೆಯ ದಂಡೆಯಲ್ಲಿ, ಘಟಪ್ರಭೆಯ ಮಡುವಿನಲ್ಲಿ, ಆಲಮಟ್ಟಿಯ ಹಿನ್ನೀರಿನಲ್ಲಿ ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಕೊಕ್ಕೆಗೆ ಸಿಕ್ಕಿಸಿ ಕಾದು ಕುಳಿತವರನ್ನು ನೀವೆಲ್ಲ ನೋಡಿದ್ದೀರಿ. ನಾನು ಇಂದು ಹೇಳಹೊರಟಿರುವ ಗಾಳಕ್ಕೆ ಎರೆಹುಳವೂ ಬೇಡ, ಹಿಟ್ಟೂ ಬೇಡ. ಒಂದು ಚಿಕ್ಕ ಕೊಕ್ಕೆ, ಒಂದಿಷ್ಟು ಬಣ್ಣದ ದಾರ, ಹುಂಜದ ಕುತ್ತಿಗೆಯ ಒಂದು ಪುಕ್ಕ, ಇಷ್ಟಿದ್ದರೆ ಸಾಕು. ಕೊಕ್ಕೆಯ ಮೇಲೆ ದಾರ ಸುತ್ತಿ, ಪುಕ್ಕ ಕಟ್ಟಿ, ನೀರಿನ ಮೇಲೆ ಕೂತ ಹುಳುವಿನಂತೆ ಕಾಣುವ ಹಾಗೆ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಫ್ಲೈ ಎನ್ನುತ್ತಾರೆ. ನಾವು ನೊಣಗಾಳ ಎನ್ನೋಣ. ಎಳೆಯ ಪಕ್ಕಕ್ಕೆ ಎಳೆಯನ್ನು ಬಿಗಿಯಾಗಿ ಕೂರಿಸುವ ಈ ಕೆಲಸವನ್ನು ಬನಹಟ್ಟಿಯ ನೇಕಾರರ ಮನೆಯ ಮಕ್ಕಳು ಬಹುಬೇಗ ಕಲಿತಾರು.

ಎರೆಹುಳದ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡಿನ ಭಾರವೇ ದಾರವನ್ನು ದೂರಕ್ಕೆ ಎಳೆದೊಯ್ಯುತ್ತದೆ. ನೊಣಗಾಳಕ್ಕೆ ಭಾರವೇ ಇಲ್ಲ. ಆದ್ದರಿಂದ ಇಲ್ಲಿ ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿರುತ್ತಾರೆ. ಬಾರುಕೋಲು ಬೀಸಿದಂತೆ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರ ಗಾಳಿಯಲ್ಲಿ ಸುರುಳಿ ಬಿಚ್ಚುತ್ತಾ ಹೋಗಿ, ತುದಿಯ ನೊಣವನ್ನು ಸದ್ದಿಲ್ಲದೆ ನೀರಿನ ಮೇಲೆ ಇಳಿಸುತ್ತದೆ.

ಈ ಗಾಳಕ್ಕೆ ಹೆಸರಾದ ಮೀನು ಟ್ರೌಟ್. ನಮ್ಮ ದೇಶದಲ್ಲಿ ಅದನ್ನು ಹುಡುಕಿ ಹೋಗುವವರು ಬೆಟ್ಟ ಹತ್ತಬೇಕು. ಕಾಶ್ಮೀರದ ಸೋನಮಾರ್ಗದಿಂದ ಹೊರಟು ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಗಂಗಾಬಲ್ ಸರೋವರಗಳನ್ನು ಕಂಡು ನಾರಾನಾಗ್‌ಗೆ ಇಳಿಯುವ ಚಾರಣಕ್ಕೆ ಸುಮಾರು ಒಂದು ವಾರ ಬೇಕು. ವಿಶನ್‌ಸರ್ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ದಾರಿಯಲ್ಲಿ ದಾಟುವ ಕಣಿವೆಮಾರ್ಗವೊಂದು ಸುಮಾರು 4,200 ಮೀಟರ್ ಎತ್ತರದ್ದು. ನಮ್ಮ ಆಲಮಟ್ಟಿ ಜಲಾಶಯ ತುಂಬಿದಾಗ ನೀರು ನಿಲ್ಲುವ ಮಟ್ಟ 519.6 ಮೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಅಂತರ ತಿಳಿಯುತ್ತದೆ.

ಟ್ರೌಟ್ ನಮ್ಮ ಕೃಷ್ಣೆಯಲ್ಲಿ ಏಕೆ ಬದುಕುವುದಿಲ್ಲ? ತಣ್ಣೀರಿನಲ್ಲಿ ಹೆಚ್ಚು ಆಮ್ಲಜನಕ ಕರಗುತ್ತದೆ, ಅದಕ್ಕೇ ಎಂದು ನೀವು ಹೇಳಬಹುದು. ಉತ್ತರ ಸರಿ, ಆದರೆ ಅರ್ಧ. ಸಮುದ್ರ ಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯ ನೀರು ಸುಮಾರು 7.5 ಮಿಲಿಗ್ರಾಂ. ಆದರೆ 3,700 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಮೂರನೇ ಎರಡು ಭಾಗಕ್ಕಿಂತ ತುಸು ಕಡಿಮೆಯಾಗಿರುತ್ತದೆ. ಒತ್ತಡ ಇಳಿದಂತೆ ಕರಗುವ ಆಮ್ಲಜನಕವೂ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ: ಬೆಟ್ಟದ ತಣ್ಣೀರಿನಲ್ಲಿಯೂ ನಮ್ಮ ಬೇಸಿಗೆಯ ಹೊಳೆಯಲ್ಲಿಯೂ ಕರಗಬಲ್ಲ ಆಮ್ಲಜನಕ ಹೆಚ್ಚುಕಡಿಮೆ ಸಮನಾಗಿಬಿಡುತ್ತದೆ! ಉಳಿದರ್ಧ ಉತ್ತರ ಮೀನಿನ ಮೈಯಲ್ಲಿದೆ. ಮೀನು ಶೀತರಕ್ತದ ಪ್ರಾಣಿ. ನೀರು ಬೆಚ್ಚಗಾದಷ್ಟೂ ಅದರ ದೇಹದ ಕ್ರಿಯೆಗಳು ಚುರುಕಾಗಿ, ಆಮ್ಲಜನಕದ ಬೇಡಿಕೆ ಏರುತ್ತದೆ. ಪೂರೈಕೆ ಅಷ್ಟೇ ಇದ್ದರೂ ಬೇಡಿಕೆ ತಣ್ಣೀರಿನಲ್ಲಿ ಕಡಿಮೆ, ಬಿಸಿನೀರಿನಲ್ಲಿ ಹೆಚ್ಚು. ನೀರು 20 ಡಿಗ್ರಿ ದಾಟಿತೆಂದರೆ ಟ್ರೌಟ್ ಕಂಗೆಡುತ್ತದೆ; 25ರ ಆಚೆ ಬಹುಕಾಲ ಉಳಿಯಲಾರದು.

ಸರೋವರದ ದಡದಲ್ಲಿ ಬೆಳಕಿನ ಪಾಠವೂ ಇದೆ. ನೀರೊಳಗಿನ ಮೀನಿಗೆ ಹೊರಗಿನ ಜಗತ್ತು ತಲೆಯ ಮೇಲಿನ ಒಂದು ದುಂಡು ಕಿಟಕಿಯ ಮೂಲಕ ಮಾತ್ರ ಕಾಣುತ್ತದೆ. ಬೆಳಕಿನ ವಕ್ರೀಭವನದಿಂದಾಗಿ ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ದೂರದಲ್ಲಿ ಬಗ್ಗಿ ನಿಂತವನು ಕಿಟಕಿಯ ಅಂಚಿನಲ್ಲಿ ಕುಗ್ಗಿಹೋಗುತ್ತಾನೆ. ದಡದ ಮೇಲೆ ನೆಟ್ಟಗೆ ನಿಂತವನನ್ನು ಕಂಡು ಮೀನು ಓಡಿಹೋಗುತ್ತದೆ. ಇನ್ನು ದಡದಿಂದ ಮೀನನ್ನು ನೋಡಬೇಕಾದರೆ ನೀರಿನ ಮೇಲಿನ ಹೊಳಪು ಅಡ್ಡಿ. ನಾವು ಕ್ಯಾಮರಾಕ್ಕೆ ಪೋಲರೈಸಿಂಗ್ ಫಿಲ್ಟರ್ ಹಾಕಿ ಈ ಹೊಳಪನ್ನು ತೆಗೆಯುತ್ತೇವೆ. ಗಾಳದವರು ಅದೇ ಗಾಜಿನ ಕನ್ನಡಕ ಹಾಕಿಕೊಳ್ಳುತ್ತಾರೆ.

ಇಂಥ ಚಾರಣಕ್ಕೆ ಹೋಗಬಯಸುವವರಿಗೆ ಒಂದು ಎಚ್ಚರಿಕೆಯ ಮಾತು. ನಮ್ಮದೇ ಜಿಲ್ಲೆಯ ಬಾದಾಮಿಯ ಬಂಡೆಗಳನ್ನು ಹತ್ತಿದವರ ಕಾಲು ಗಟ್ಟಿಯಾಗಿರುತ್ತದೆ, ನಿಜ. ಆದರೆ ತೆಳುಗಾಳಿಗೆ ದೇಹ ಒಗ್ಗುವುದು ಎತ್ತರದಲ್ಲಿ ಕಳೆದ ದಿನಗಳಿಂದ ಮಾತ್ರ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯ ಬಿಡಾರಕ್ಕೂ ಮರುರಾತ್ರಿಯ ಬಿಡಾರಕ್ಕೂ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ತಲೆನೋವು, ವಾಕರಿಕೆ ಬಂದರೆ ಮುಂದೆ ಏರಬಾರದು. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ನಡಿಗೆ ತೂರಾಡಿದರೆ ಕೂಡಲೇ ಕೆಳಗಿಳಿಯಬೇಕು. ಗಾಳ ಹಾಕಲು ಅಲ್ಲಿನ ಮೀನುಗಾರಿಕೆ ಇಲಾಖೆಯ ಪರವಾನಗಿಯೂ ಬೇಕು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಅಷ್ಟು ಎತ್ತರದ ಸರೋವರಕ್ಕೆ ಟ್ರೌಟ್ ಹತ್ತಿದ್ದು ಹೇಗೆ?

ತಾನಾಗಿ ಹತ್ತಲಿಲ್ಲ. ಟ್ರೌಟ್ ನಮ್ಮ ದೇಶದ ಮೀನೇ ಅಲ್ಲ. ಕಾಶ್ಮೀರಕ್ಕೆ ಬ್ರಿಟನ್ನಿನಿಂದ ಅದರ ಮೊಟ್ಟೆಗಳನ್ನು ತರಿಸಿದರು. ಮೊದಲ ಕಂತು ದಾರಿಯಲ್ಲೇ ಹಾಳಾಯಿತು. 1900ರಲ್ಲಿ ಬಂದ ಮೊಟ್ಟೆಗಳು ಮರಿಯಾದವು. ನೀಲಗಿರಿಯಲ್ಲಿ 1860ರ ದಶಕದಿಂದಲೇ ಪ್ರಯತ್ನ ನಡೆದು, 1907ರ ಹೊತ್ತಿಗೆ ಅವಲಾಂಚಿಯಲ್ಲಿ ಮರಿ ಬೆಳೆಸುವ ಕೇಂದ್ರ ನೆಲೆಗೊಂಡಿತು. ಬಿಟ್ಟವರ ಉದ್ದೇಶ ಬೇಟೆಯ ಮೋಜು. ಮೊದಲಿನಿಂದ ಅಲ್ಲಿದ್ದ ಜೀವಿಗಳ ಗತಿ ಏನಾದೀತೆಂಬ ಪ್ರಶ್ನೆಯನ್ನು ಆಗ ಹೆಚ್ಚಾಗಿ ಯಾರೂ ಕೇಳುತ್ತಿರಲಿಲ್ಲ.

ಅದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಸಿಯೆರಾ ನೆವಾಡ ಪರ್ವತಗಳಲ್ಲಿ. ಅಲ್ಲಿಯ ಎತ್ತರದ ಸರೋವರಗಳಿಗೆ ಜಲಪಾತಗಳು ಅಡ್ಡಗಟ್ಟಿದ್ದರಿಂದ ಮೀನೇ ಇರಲಿಲ್ಲ, ಕಪ್ಪೆಗಳು ತುಂಬಿದ್ದವು. ಗಾಳದವರಿಗೆಂದು ಟ್ರೌಟ್ ಬಿಟ್ಟರು. ಆ ಕಪ್ಪೆಯ ಗೊದಮೊಟ್ಟೆ ಬೆಳೆದು ಕಪ್ಪೆಯಾಗಲು ಎರಡು ಮೂರು ವರ್ಷ ಬೇಕು. ಅಷ್ಟು ಕಾಲ ಮೀನಿನ ಬಾಯಿಗೆ ಸಿಗದೆ ಉಳಿಯುವುದೆಲ್ಲಿ? ಸರೋವರದ ಮೇಲೆ ಸರೋವರದಲ್ಲಿ ಕಪ್ಪೆಗಳು ಇಲ್ಲವಾದವು. 1997ರಿಂದ ವಿಜ್ಞಾನಿಗಳು ಕೆಲವು ಸರೋವರಗಳಿಂದ ಟ್ರೌಟನ್ನು ಬಲೆ ಹಾಕಿ ತೆಗೆದಾಗ ಕೆಲವೇ ವರ್ಷಗಳಲ್ಲಿ ಕಪ್ಪೆಗಳು ಮತ್ತೆ ಹೆಚ್ಚಿದವು.

ಇದು ದೂರದ ಮಾತು ಎನ್ನಬೇಡಿ. ಇಂಥದೇ ಒಂದು ಕಥೆಯಲ್ಲಿ ಹೊಸದಾಗಿ ನುಗ್ಗಿದ ಮೀನು ನಮ್ಮ ಕೃಷ್ಣಾ ಕಣಿವೆಯದೇ. ಪುಣೆಯ ಬಳಿಯ ಮುಳಾ-ಮುಠಾ ನದಿಯ ನೀರು ಭೀಮೆಯ ಮೂಲಕ ಕೃಷ್ಣೆಗೆ ಸೇರುತ್ತದೆ. ಆ ನದಿಯ ನೀಲಿ ರೆಕ್ಕೆಯ ಮಹಶೀರ್ ಮೀನನ್ನು ಸೈಕ್ಸ್ ಎಂಬ ಸೇನಾಧಿಕಾರಿ 1839ರಲ್ಲಿ ವಿಜ್ಞಾನ ಲೋಕಕ್ಕೆ ವರ್ಣಿಸಿದ. ಕಾವೇರಿಯಲ್ಲಿ ಇದ್ದದ್ದು ಬೇರೆ ಮಹಶೀರ್, ಗೂನುಬೆನ್ನಿನದು, ಬಲು ದೊಡ್ಡದು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮಹಶೀರ್ 120 ಪೌಂಡು, ಎಂದರೆ 54 ಕಿಲೋ ತೂಗಿತ್ತು. ಅಣೆಕಟ್ಟು, ಸಿಡಿಮದ್ದು, ವಿಷಗಳಿಂದ ಮಹಶೀರ್ ಕಡಿಮೆಯಾಗುತ್ತಿದೆ ಎಂದು ಮರುಗಿದವರು 1970ರ ದಶಕದಿಂದ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ಕಾವೇರಿಗೆ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಹೊಸ ಮೀನು ಹೆಚ್ಚಿತು, ಹಳೆಯದು ಕುಸಿಯಿತು. 2018ರಲ್ಲಿ ಗೂನುಬೆನ್ನಿನ ಮಹಶೀರ್‌ನ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ, ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಪ್ರಭೇದಗಳ ಪಟ್ಟಿಗೂ ಸೇರಿತು.

ಈ ಕುಸಿತ ತಿಳಿದದ್ದು ಹೇಗೆ ಗೊತ್ತೇ? ಕಾವೇರಿಯ ಗಾಳಿಬೋರೆ ಶಿಬಿರದಲ್ಲಿ ಮೀನು ಹಿಡಿದು, ತೂಕ ನೋಡಿ, ಮತ್ತೆ ನೀರಿಗೇ ಬಿಡುತ್ತಿದ್ದ ಗಾಳದವರು ಪ್ರತಿ ಮೀನಿನ ವಿವರವನ್ನು ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಯನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ ಒಂದು ಮೀನು ಏರಿದ್ದೂ ಇನ್ನೊಂದು ಇಳಿದದ್ದೂ ಕಣ್ಣಿಗೆ ಕಟ್ಟಿತು. ಹವ್ಯಾಸಿಗಳು ಬರೆದಿಡದಿದ್ದರೆ ಆ ಮೀನು ಮರೆಯಾಗುತ್ತಿರುವುದು ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

ಹಾಗಾದರೆ ನಮ್ಮ ಊರಿನಲ್ಲಿ ನಾವು ಮಾಡಬಹುದಾದದ್ದು ಎರಡು. ಮೊದಲನೆಯದು, ಅಕ್ವೇರಿಯಂನ ಮೀನಾಗಲಿ, ಯಾರೋ ಕೊಟ್ಟ ಮರಿಯಾಗಲಿ, ಹೊಳೆಗೆ, ಕೆರೆಗೆ ಬಿಡಬಾರದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿತು. ಹೊಂಡದಿಂದ ಹೊಳೆಗೆ ಪಾರಾದರೆ ಅದು ಕಂಡ ಮೀನನ್ನೆಲ್ಲ ತಿನ್ನುತ್ತದೆ. ಎರಡನೆಯದು, ಒಂದು ನೋಟ್‌ಬುಕ್ ಇಡಿ. 1989ರಲ್ಲಿ ರೈತರೇ ಬೆವರು ಸುರಿಸಿ ಕಟ್ಟಿದ ಚಿಕ್ಕಪಡಸಲಗಿಯ ಬ್ಯಾರೇಜಿನ ಬಳಿ, ಮುಧೋಳದ ಘಟಪ್ರಭೆಯ ದಂಡೆಯಲ್ಲಿ, ಬೀಳಗಿಯ ಹಿನ್ನೀರಿನಲ್ಲಿ ಬಲೆ ಎಳೆಯುವ ಮೀನುಗಾರರನ್ನು ತಿಂಗಳಿಗೊಮ್ಮೆ ಮಾತನಾಡಿಸಿ. ಇವತ್ತು ಯಾವ ಮೀನು ಬಿತ್ತು, ಊರಲ್ಲಿ ಅದಕ್ಕೆ ಏನೆನ್ನುತ್ತಾರೆ, ಉದ್ದ ಎಷ್ಟು, ನೀರಿನ ಉಷ್ಣಾಂಶ ಎಷ್ಟು, ಅಜ್ಜನ ಕಾಲದಲ್ಲಿ ಸಿಗುತ್ತಿದ್ದ ಯಾವ ಮೀನು ಈಗ ಸಿಗುತ್ತಿಲ್ಲ, ಇಷ್ಟನ್ನು ತಾರೀಖು ಹಾಕಿ ಬರೆಯಿರಿ. ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರು ಹೆಸರು ಗುರುತಿಸಲು ನೆರವಾಗುತ್ತಾರೆ. ನೀವು ಕಾಲೇಜು ಮುಗಿಸಿ ಹೊರಡುವಾಗ ಆ ಪುಸ್ತಕವನ್ನು ಕೆಳಗಿನ ತರಗತಿಯವರ ಕೈಗೆ ಕೊಡಿ.

ಮುಂದೆಂದೋ ವಿಶನ್‌ಸರ್‌ನ ದಡಕ್ಕೆ ಚಾರಣ ಹೋದಾಗ ನಿಮ್ಮ ಚೀಲದಲ್ಲಿ ನೊಣಗಾಳದ ಜೊತೆ ಇನ್ನೊಂದು ಖಾಲಿ ನೋಟ್‌ಬುಕ್ಕೂ ಇರಲಿ.