ಉಂಡದ್ದು ಮೈಗೆ ಹತ್ತಬೇಕು



ಬಡಕಲು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನಮ್ಮ ಅಜ್ಜಿ, ‘ಉಂಡದ್ದು ಮೈಗೆ ಹತ್ತುತ್ತಿಲ್ಲ’ ಅನ್ನುತ್ತಿದ್ದರು. ನಾವು ಪಠ್ಯಪುಸ್ತಕದಲ್ಲಿ ‘ಜೈವಿಕ ಲಭ್ಯತೆ’ ಎಂದು ಬರೆಯುವುದೂ ಇದನ್ನೇ. ನನಗೆ ಅಜ್ಜಿಯ ಮಾತೇ ಹೆಚ್ಚು ಇಷ್ಟ. ಖನಿಜಾಂಶಗಳ ಬಗ್ಗೆ ಈ ಎರಡು ದಿನದ ಸಭೆಯಲ್ಲಿ ನಾವು ಆಡುವ ಮಾತೆಲ್ಲ ಅದರ ಸುತ್ತಲೇ ಇರಲಿ ಎಂಬುದು ನನ್ನ ಆಶಯ.

ಕೆಲವು ವರ್ಷಗಳ ಹಿಂದೆ ತುಮಕೂರು ಸೀಮೆಯ ಒಂದು ಮನೆಗೆ ಹೋಗಿದ್ದೆ. ಏಳು ತಿಂಗಳ ಬಸುರಿ. ಗೋಡೆಯ ಗೂಡಿನಲ್ಲಿದ್ದ ಡಬ್ಬಿಯನ್ನು ತೆಗೆದು ನನ್ನ ಮುಂದಿಟ್ಟಳು: ಕಬ್ಬಿಣಾಂಶದ ಕೆಂಪು ಮಾತ್ರೆ, ಕ್ಯಾಲ್ಸಿಯಂನ ಬಿಳಿ ಮಾತ್ರೆ. ‘ಒಂದು ದಿನವೂ ತಪ್ಪಿಸಿಲ್ಲ ಮೇಡಂ. ಮರೆತುಹೋಗುತ್ತೆ ಅಂತ ಎರಡನ್ನೂ ಬೆಳಗಿನ ಟೀ ಜೊತೆಗೇ ನುಂಗಿಬಿಡ್ತೀನಿ’ ಅಂದಳು. ಅವಳ ಸೆರಗಿನ ಗಂಟಿನಲ್ಲಿ ಕಡಿದು ಮುಗಿಸದ ಬಳಪದ ತುಂಡೊಂದಿತ್ತು. ಅಷ್ಟು ಶ್ರದ್ಧೆಯಿಂದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರಿರಲಿಲ್ಲ. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣಾಂಶವನ್ನು ಕರುಳಿನಲ್ಲೇ ಹಿಡಿದಿಡುತ್ತದೆ, ಕ್ಯಾಲ್ಸಿಯಂ ಅದರ ದಾರಿಗೆ ಅಡ್ಡ ನಿಲ್ಲುತ್ತದೆ. ಎರಡು ಮಾತ್ರೆಗಳನ್ನು ಬೇರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು, ಕೆಂಪು ಮಾತ್ರೆಯ ಹತ್ತಿರ ಟೀ ಸುಳಿಯಬಾರದು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ತಪ್ಪು ಅವಳದಲ್ಲ, ನಮ್ಮದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಿಗೆ ಇಬ್ಬರಂತೆ. ಇದಕ್ಕೆಲ್ಲ ಕಬ್ಬಿಣಾಂಶದ ಕೊರತೆಯೊಂದೇ ಕಾರಣವಲ್ಲ, ಆದರೆ ದೊಡ್ಡ ಪಾಲು ಅದರದೇ. ನಮ್ಮ ಕಾಳು, ಸೊಪ್ಪು, ಧಾನ್ಯಗಳ ಊಟದಲ್ಲಿರುವ ಕಬ್ಬಿಣಾಂಶದಲ್ಲಿ ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲು ಮೈಗೆ ಹತ್ತಿದರೆ ಹೆಚ್ಚು.

ಬಳಪದ ತುಂಡಿನ ಜೊತೆಗೇ ನನಗೆ ಇರಾನಿನ ಶಿರಾಜ್ ನಗರ ನೆನಪಾಗುತ್ತದೆ. ಬಿಹಾರದಲ್ಲಿ ಹುಟ್ಟಿ ಅಮೆರಿಕದಲ್ಲಿ ತರಬೇತಾದ ವೈದ್ಯ ಆನಂದ ಪ್ರಸಾದ್ 1958ರಲ್ಲಿ ಅಲ್ಲಿದ್ದರು. ಅವರ ಮುಂದೆ 21 ವರ್ಷದ ಒಬ್ಬ ರೋಗಿ. ನೋಡಿದರೆ ಹತ್ತು ವರ್ಷದ ಹುಡುಗ. ಊಟವೆಂದರೆ ಬಹುಮಟ್ಟಿಗೆ ಹುದುಗು ಬರಿಸದ ಗೋಧಿ ರೊಟ್ಟಿ, ಅದರ ಮೇಲೆ ದಿನಕ್ಕೆ ಅರ್ಧ ಕಿಲೋದಷ್ಟು ಜೇಡಿಮಣ್ಣು. ತೀವ್ರ ರಕ್ತಹೀನತೆ ಇತ್ತು, ಸರಿ. ಆದರೆ ಬೆಳವಣಿಗೆಯೇ ನಿಂತುಹೋದದ್ದಕ್ಕೆ ಕಬ್ಬಿಣಾಂಶದ ಕೊರತೆಯೊಂದೇ ಉತ್ತರವಾಗಲಾರದು ಎಂದು ಪ್ರಸಾದ್ ಪಟ್ಟುಹಿಡಿದು ಯೋಚಿಸಿದರು. ಸತುವಿನ ಕೊರತೆ ಇರಬಹುದೆಂಬ ಊಹೆಯನ್ನು 1961ರಲ್ಲಿ ಪ್ರಕಟಿಸಿದರು. ಮುಂದೆ ಈಜಿಪ್ಟ್‌ನಲ್ಲಿ ಅದನ್ನು ತೋರಿಸಿಯೂ ಕೊಟ್ಟರು. ಸತು ಕೊಟ್ಟಾಗ ಅಂಥ ಹುಡುಗರು ಎತ್ತರ ಬೆಳೆಯತೊಡಗಿದರು. ಗೋಧಿಯಲ್ಲಿ ಸತು ಇರಲಿಲ್ಲವೆಂದಲ್ಲ. ತೌಡಿನಲ್ಲಿರುವ ಫೈಟೇಟ್ ಅದನ್ನು ಕಟ್ಟಿಹಾಕಿತ್ತು, ಬಿಡಿಸಲು ಹುದುಗು ಇರಲಿಲ್ಲ.

ಈ ಬಿಡಿಸುವ ಕೆಲಸವನ್ನು ನಮ್ಮ ಅಡುಗೆಮನೆಗಳು ಹೆಸರಿಡದೆ ಮಾಡಿಕೊಂಡು ಬಂದಿವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ಎಲ್ಲರೂ ಹೇಳುತ್ತೇವೆ. ಅದೇ ರಾಗಿಯಲ್ಲಿ ಫೈಟೇಟೂ ಟ್ಯಾನಿನ್ನೂ ಇವೆ ಎಂದು ಹೇಳುವವರು ಕಡಿಮೆ. ಮಗುವಿಗೆ ಸರಿ ಮಾಡುವ ಮುಂಚೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಆರಿಸಿ, ಹದವಾಗಿ ಹುರಿಯುತ್ತಾರಲ್ಲ, ಆ ಮೊಳಕೆಯಲ್ಲಿ ಎಚ್ಚೆತ್ತ ಕಿಣ್ವ ಫೈಟೇಟನ್ನು ಒಡೆಯುತ್ತದೆ. ಹುಳಿ ಬಂದ ಅಂಬಲಿ, ದೋಸೆ ಹಿಟ್ಟು ಮಾಡುವುದೂ ಅದನ್ನೇ. ಕೋಸಂಬರಿಗೆ ಹಿಂಡಿದ ನಿಂಬೆಹಣ್ಣು ಹೆಸರುಬೇಳೆಯ ಕಬ್ಬಿಣಾಂಶಕ್ಕೆ ದಾರಿ ಬಿಡಿಸುತ್ತದೆ. ಇನ್ನು ಬಸ್ಸಾರು! ಖನಿಜಾಂಶ ಬೆಂಕಿಗೆ ನಾಶವಾಗುವುದಿಲ್ಲ, ಬೇಯಿಸಿದ ನೀರಿಗೆ ಇಳಿಯುತ್ತದೆ. ಸೊಪ್ಪು ಕಾಳು ಬಸಿದ ಕಟ್ಟನ್ನು ಚೆಲ್ಲದೆ ಅದರಲ್ಲೇ ಸಾರು ಕಾಯಿಸಿ, ಬೆಂದದ್ದನ್ನು ಪಲ್ಯ ಮಾಡಿದ ಹೆಣ್ಣುಮಗಳನ್ನು ನಾನು ನಮ್ಮ ಶಾಸ್ತ್ರದ ಹಿರಿಯಳೆಂದೇ ಎಣಿಸುತ್ತೇನೆ. ಈಗ ಪೇಟೆಯಿಂದ ತಂದ ಹಿಟ್ಟು ನೇರ ಪಾತ್ರೆಗೆ ಬೀಳುತ್ತಿದೆ. ಮೊಳಕೆ ಕಟ್ಟಲು ಯಾರಿಗೂ ಹೊತ್ತಿಲ್ಲ. ಹೊತ್ತಿಲ್ಲವೆಂದು ಮನೆಯವರನ್ನು ದೂರುವುದು ಸಲ್ಲದು. ಅಂಗನವಾಡಿಗೆ ಬರುವ ಹಿಟ್ಟೇ ಮೊಳಕೆಯ ರಾಗಿಯದಾಗುವಂತೆ ನಾವು ಕೇಳಬಹುದು.

ಆದರೆ ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅಯೋಡಿನ್ ವಿಷಯ ಬಂದಾಗ ಅಡುಗೆಮನೆಯ ಜಾಣ್ಮೆ ಸಾಲದು. ಮಣ್ಣಿನಲ್ಲೇ ಇಲ್ಲದ್ದು ಬೆಳೆಯಲ್ಲಿ ಬರುವುದಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಬರೀ 150 ಮೈಕ್ರೋಗ್ರಾಂ. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಉಪ್ಪಿಗೆ ಅಯೋಡಿನ್ ಬೆರೆಸಿ ಗಳಗಂಡ ಇಳಿಯುವುದನ್ನು ತೋರಿಸಿದ ಮೇಲೆಯೇ 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು. ಈಗ ಓದಿದವರ ಮನೆಗಳಲ್ಲೇ ‘ನೈಸರ್ಗಿಕ’ ಎಂಬ ಹೆಸರಿನಲ್ಲಿ ಅಯೋಡಿನ್ ಸೇರಿಸದ ಕಲ್ಲುಪ್ಪು, ಗುಲಾಬಿ ಉಪ್ಪು ಬರುತ್ತಿರುವುದು ನನಗೆ ನಿಜವಾದ ಆತಂಕ. ಪಾವಗಡದ ಕೊಳವೆಬಾವಿಗಳದು ಇನ್ನೊಂದು ತುದಿ, ಅಲ್ಲಿ ಫ್ಲೋರೈಡ್ ಹೆಚ್ಚಾಗಿ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಅದಕ್ಕೆ ನಾಳೆ ಪ್ರತ್ಯೇಕ ಗೋಷ್ಠಿಯಿದೆ.

ಇವತ್ತಿನ ಮೊದಲ ಗೋಷ್ಠಿ ಕೆಂಪು ಮಾತ್ರೆಯದು. ಮಾತ್ರೆ ಯಾಕೆ ಡಬ್ಬಿಯಲ್ಲೇ ಉಳಿಯುತ್ತದೆ, ಯಾವುದರ ಜೊತೆ ನುಂಗುತ್ತಾರೆ, ಮಲ ಕಪ್ಪಾದಾಗ ಹೆದರಿ ಯಾರು ಬಿಟ್ಟರು ಎಂಬುದೆಲ್ಲ ಮನೆಮನೆಗೆ ಹೋಗುವ ಆಶಾ ಅಕ್ಕಂದಿರಿಗೆ ಗೊತ್ತು. ಪ್ರಬಂಧ ಮಂಡನೆಗೆ ಮೊದಲು ಅವರೇ ಮಾತಾಡಲಿ ಎಂದು ಸಂಘಟಕರನ್ನು ಕೇಳಿಕೊಂಡಿದ್ದೆ, ಒಪ್ಪಿದ್ದಾರೆ. ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಬನ್ನಿ ಅಕ್ಕಾ, ಮೈಕ್ ನಿಮ್ಮದು.