ಮೂರು ನಿಮಿಷದ ಮೈಕು

ಕೇಳುಗರೇ, ನಿಮ್ಮ ಪತ್ರಗಳಲ್ಲಿ ಒಂದು ಕೊರಗು ಮತ್ತೆ ಮತ್ತೆ ಕಾಣುತ್ತಿದೆ. ರಾಜ್ಯಸಭೆಗೆ ಹೋದವರು ಒಂದು ಗಳಿಗೆ ಲಸಿಕೆ ಅಂತಾರೆ, ಮರುಗಳಿಗೆ ಗೊಮ್ಮಟ ಅಂತಾರೆ. ಯಾವುದನ್ನೂ ಪಟ್ಟಾಗಿ ಹಿಡಿಯುವುದಿಲ್ಲವಲ್ಲ, ಇದರಿಂದ ಏನಾದರೂ ಆಗುತ್ತದೆಯೇ?

ಲಸಿಕೆ, ಗೊಮ್ಮಟ ಅಂದಾಗ ನಿಮ್ಮ ಮನಸ್ಸಿನಲ್ಲಿರುವವರು ಸುಧಾ ಮೂರ್ತಿಯವರೇ ಇರಬೇಕು. 2024ರ ಜುಲೈ 2ರಂದು ಅವರ ಮೊದಲ ಭಾಷಣ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಕೊಡಿಸಿ ಎಂದರು. ಅದು ಮುಗಿಯುತ್ತಲೇ ಪಾರಂಪರಿಕ ತಾಣಗಳ ಕಡೆ ತಿರುಗಿ ಶ್ರವಣಬೆಳಗೊಳವನ್ನು ನೆನೆದರು. ಇದನ್ನು ಚಂಚಲತೆ ಎನ್ನುವವರ ಮೇಲೆ ನನಗೆ ಸಿಟ್ಟು. ಅದು ರಾಷ್ಟ್ರಪತಿಗಳ ಭಾಷಣಕ್ಕೆ ವಂದನೆ ಸಲ್ಲಿಸುವ ಚರ್ಚೆ. ಅದೊಂದು ಸಂತೆ ಇದ್ದಂತೆ, ಯಾರು ಯಾವ ಸರಕನ್ನಾದರೂ ಹರವಬಹುದು. ಮಸೂದೆಯ ಚರ್ಚೆಯಲ್ಲಿ ಹಾಗಾಗದು. ಅಲ್ಲಿ ಮಸೂದೆಯ ವಿಷಯ ಬಿಟ್ಟು ಆಚೆ ಹೋಗುವಂತಿಲ್ಲ. ಸಮಯವನ್ನಂತೂ ಎರಡೂ ಕಡೆ ಪಕ್ಷದ ಬಲ ನೋಡಿಯೇ ಹಂಚುತ್ತಾರೆ.

ಇನ್ನು ಶೂನ್ಯವೇಳೆ, ಅಂದರೆ ತುರ್ತು ವಿಷಯ ಎತ್ತುವ ಹೊತ್ತು. ಒಬ್ಬರಿಗೆ 3 ನಿಮಿಷ. ಮೂರೇ ನಿಮಿಷ. ಅದು ಮುಗಿದರೆ ಮೈಕು ತಾನಾಗಿಯೇ ಬಂದ್ ಆಗುತ್ತದೆ, ಯಾರೂ ಗುಂಡಿ ಒತ್ತಬೇಕಿಲ್ಲ. ಮೊನ್ನೆ ನನ್ನ ಭಾವಮೈದ ಒಂದು ತುಣುಕು ವಿಡಿಯೋ ಕಳಿಸಿ, ‘ನೋಡಿ ಭಾವ, ಬಾಯಿ ಮುಚ್ಚಿಸಿಬಿಟ್ಟರು’ ಎಂದು ಕುದಿಯುತ್ತಿದ್ದ. ‘ಮಾರಾಯ, ಅದು ಶೂನ್ಯವೇಳೆ, ಹೊತ್ತು ಮುಗಿದಿದೆ ಅಷ್ಟೇ’ ಎಂದೆ. ನಂಬಲಿಲ್ಲ. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ: ತುಣುಕು ನೋಡಿ ಭಾಷಣ ಅಳೆಯಬೇಡಿ. ಅದು ಯಾವ ಹೊತ್ತಿನ ಮಾತು, ಮೊದಲು ಅದನ್ನು ಕೇಳಿ. ವಿಶೇಷ ಪ್ರಸ್ತಾಪವಾದರೆ 250 ಪದದೊಳಗೆ ಬರೆದುಕೊಟ್ಟು, ಒಪ್ಪಿಗೆಯಾದ ಪಠ್ಯವನ್ನೇ ಓದಬೇಕು. ‘ಚೀಟಿ ನೋಡಿ ಓದುತ್ತಾರೆ’ ಎಂದು ಆಡಿಕೊಳ್ಳುತ್ತೀರಲ್ಲ, ಓದದೆ ಇನ್ನೇನು ಮಾಡಬೇಕು? ಕನ್ನಡದಲ್ಲೂ ಮಾತಾಡಬಹುದು, ಆದರೆ ಭಾಷಾಂತರಕಾರರು ಸಿದ್ಧರಿರಲೆಂದು ಮುಂಚೆಯೇ ತಿಳಿಸಿರಬೇಕು.

ಫಲದ ಮಾತಿಗೆ ಬರೋಣ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ 1986ರಲ್ಲಿ ನಾಮನಿರ್ದೇಶಿತ ಸದಸ್ಯರಾದವರು. ಅವರ ಹೆಸರು ಹೇಳಿದರೆ ನೆನಪಾಗುವುದು ಒಂದೇ ಭಾಷಣ, ಶಾಲಾಮಕ್ಕಳ ಬೆನ್ನಿನ ಪುಸ್ತಕದ ಚೀಲದ್ದು. ಅವರು ಮಾತಾಡಿದ್ದು 1989ರಲ್ಲಿ. ಮಕ್ಕಳ ಓದಿನ ಹೊರೆ ಇಳಿಸುವುದು ಹೇಗೆಂದು ನೋಡಲು ಯಶಪಾಲ್ ಸಮಿತಿ ನೇಮಕವಾದದ್ದು 1992ರಲ್ಲಿ, ಅದರ ವರದಿ ಬಂದದ್ದು 1993ರಲ್ಲಿ. ಒಂದೇ ವಿಷಯ ಪಟ್ಟಾಗಿ ಹಿಡಿದವರ ಮಾತಿಗೂ ಇಷ್ಟು ವರ್ಷ ಹಿಡಿಯಿತು. ಇಷ್ಟಾದರೂ ಇವತ್ತು ಬೆಳಿಗ್ಗೆ ಮೊಮ್ಮಗಳ ಚೀಲ ಎತ್ತಿಕೊಡಲು ಹೋಗಿ ನನ್ನ ಸೊಂಟ ಹಿಡಿದುಕೊಂಡಿದೆ!

ಗಾಜಿನಾಚೆಯಿಂದ ಬೆರಳು ತೋರಿಸುತ್ತಿದ್ದಾರೆ, ನನ್ನ ಮೈಕಿಗೂ ಹೊತ್ತಾಯಿತು. ಸಲಹೆ ಒಂದೇ. ನಿಮ್ಮ ಸದಸ್ಯರಿಗೆ ಒಂದು ಕಾರ್ಡು ಹಾಕಿ. ‘ಚೆನ್ನಾಗಿ ಮಾತಾಡಿದಿರಿ’ ಎಂದು ಬರೆಯಬೇಡಿ. ‘ಸಚಿವರಿಂದ ಉತ್ತರ ಬಂತೇ? ಬಂದಿದ್ದರೆ ಒಂದು ಪ್ರತಿ ಕಳಿಸಿ’ ಎಂದು ಬರೆಯಿರಿ.